ಒಂದೇ ಜಾಗದಲ್ಲಿ ಎರಡು ಸಲ ಸುಟ್ಟ ಹೆಡ್ ಗ್ಯಾಸ್ಕೆಟ್: ಹೊಸ ಹೆಡ್ ತರುವ ಮುಂಚೆ ಏನು ಅಳೆಯಬೇಕು?

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮದು ಮುಂಡರಗಿ ಕಡೆ. ಟಾಟಾ 1612 ಲಾರಿ ಐತಿ, ಹಳೇ 697 ಇಂಜಿನ್, ಟರ್ಬೊ ಇಲ್ಲ. ಒಂದು ವರ್ಷದಾಗ ಎರಡು ಸಲ ಹೆಡ್ ಗ್ಯಾಸ್ಕೆಟ್ ಹೋತು. ಎರಡೂ ಸಲ ಮೂರು ಮತ್ತ ನಾಕನೇ ಸಿಲಿಂಡರ್ ನಡುವ ಸುಟ್ಟಿತ್ತು. ಮೊದಲನೇ ಸಲ ಬರೇ ಗ್ಯಾಸ್ಕೆಟ್ ಬದಲಿ ಮಾಡಿದ್ವಿ, ಎರಡನೇ ಸಲ ಹೆಡ್ ಫೇಸಿಂಗ್ (ಅಡಿ ಮುಖ ಕೆರೆದು ಸಮ ಮಾಡೂದು) ಮಾಡಿಸಿ ಕುಂದ್ರಿಸಿದ್ವಿ. ಅಂಕೋಲಾದಿಂದ ಲೋಡ್ ತಗೊಂಡು ಬರುವಾಗ ಅರಬೈಲ್ ಘಟ್ಟದಾಗ ನೀರು ಕುದೀತೈತಿ. ಥರ್ಮೋಸ್ಟಾಟ್ ತಗಸಿ ಭಾಳ ವರ್ಷ ಆತು. ಈಗ ಮತ್ತ ರೇಡಿಯೇಟರ್‌ನಾಗ ಗುಳ್ಳಿ ಏಳಾಕತ್ತಾವು. ಒಬ್ಬ ಮಿಸ್ತ್ರಿ ಹೊಸಾ ಹೆಡ್ ಹಾಕ್ಸ್ರಿ ಅಂತಾನ. ಇನ್ನೊಬ್ಬಾಂವ ಎರಡು ಗ್ಯಾಸ್ಕೆಟ್ ಒಂದರ ಮ್ಯಾಲೊಂದು ಹಾಕಿದ್ರ ನಿಂತುಬಿಡ್ತೈತಿ ಅಂತಾನ. ಹುಬ್ಬಳ್ಳಿ ಗುಜರಿಯೊಳಗ ಒಂದು ಹಳೇ ಹೆಡ್ಡೂ ಸಿಗತೈತಿ. ಬ್ಯಾಡಗಿ ಮೆಣಸಿನಕಾಯಿ ಸೀಸನ್ ಬರೂದ್ರೊಳಗ ಗಾಡಿ ರೋಡಿಗೆ ಇಳೀಬೇಕು. ಏನು ಮಾಡ್ಲಿ?

ಉತ್ತರ: ಎರಡೂ ಸಲ ಮೂರು ಮತ್ತು ನಾಲ್ಕರ ನಡುವೆಯೇ ಸುಟ್ಟಿತ್ತು ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ. ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ ಕಳಪೆಯಾಗಿದ್ದರೆ ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಹೋಗಬೇಕಿತ್ತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸುಡುತ್ತಿದೆ ಎಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್‌ಗೆ ಸರಿಯಾದ ಒತ್ತು ಸಿಗುತ್ತಿಲ್ಲ. ಒತ್ತು ಯಾಕೆ ಸಿಗುತ್ತಿಲ್ಲ ಎಂಬುದು ಹೆಡ್‌ನಲ್ಲಿರಬಹುದು, ಬ್ಲಾಕ್‌ನಲ್ಲಿರಬಹುದು, ಲೈನರ್‌ನಲ್ಲಿ (ಸಿಲಿಂಡರ್ ಒಳಗಿನ ಕಬ್ಬಿಣದ ಕೊಳವೆಯಲ್ಲಿ) ಇರಬಹುದು, ಬೋಲ್ಟ್‌ನಲ್ಲೂ ಇರಬಹುದು. ಹೆಡ್ ಒಂದನ್ನೇ ನೋಡಿ ಮೂರನೇ ಸಲ ಮುಚ್ಚಿದರೆ ನಾಲ್ಕನೇ ಸಲ ತೆರೆಯಬೇಕಾಗುತ್ತದೆ. ಅಳತೆಗೆ ಖರ್ಚು ಮಾಡಿ, ಆಮೇಲೆ ಸಾಮಾನಿಗೆ ಖರ್ಚು ಮಾಡಿ.

ಎರಡು ಗ್ಯಾಸ್ಕೆಟ್‌ನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಖಂಡಿತ ಬೇಡ. ನಿಮ್ಮ 697ರ ಬೋರ್ 97 ಮಿಲಿಮೀಟರ್. ಇಂಜಿನ್ ಪೂರ್ತಿ ಎಳೆಯುವಾಗ ಒಂದೊಂದು ಸಿಲಿಂಡರ್‌ನಲ್ಲಿ ಹುಟ್ಟುವ ಒತ್ತಡ 80 ಬಾರ್ ಎಂದು ಹಿಡಿದರೂ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 6 ಟನ್ ಆಗುತ್ತದೆ. ಅದನ್ನು ತಡೆಯಬೇಕಾದದ್ದು ಬೋಲ್ಟಿನ ಬಿಗಿ ಮತ್ತು ಗ್ಯಾಸ್ಕೆಟ್‌ನ ಗಟ್ಟಿತನ. ಎರಡು ಪದರ ಹಾಕಿದರೆ ಕುಗ್ಗುವ ವಸ್ತು ಎರಡು ಪಟ್ಟಾಯಿತು, ಬೋಲ್ಟಿನ ಬಿಗಿ ಬೇಗ ಸಡಿಲಾಯಿತು. ಸಾಲದ್ದಕ್ಕೆ ಪಿಸ್ಟನ್ ಮೇಲಿನ ಜಾಗ ದೊಡ್ಡದಾಗುತ್ತದೆ. ಇಂಥ ಇಂಜಿನ್‌ನಲ್ಲಿ ಕಂಪ್ರೆಶನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಲೆಕ್ಕ, 17ರ ಆಸುಪಾಸು ಇರುತ್ತದೆ. ಒಂದು ಮಿಲಿಮೀಟರ್‌ಗಿಂತ ತುಸು ದಪ್ಪದ ಇನ್ನೊಂದು ಗ್ಯಾಸ್ಕೆಟ್ ಸೇರಿದರೆ ಅದು 15ರ ಹತ್ತಿರಕ್ಕೆ ಇಳಿಯುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಎಳೆತ ಬೀಳುತ್ತದೆ.

ಈಗ ಗುಳ್ಳೆಯ ವಿಷಯ. ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಮಾತ್ರ ಸುಟ್ಟಿದ್ದರೆ ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತದೆ, ಎರಡೂ ಸಿಲಿಂಡರ್ ಮಿಸ್ ಹೊಡೆಯುತ್ತವೆ, ಆದರೆ ನೀರಿನಲ್ಲಿ ಗುಳ್ಳೆ ಬರಲೇಬೇಕೆಂದಿಲ್ಲ. ನಿಮಗೆ ಗುಳ್ಳೆ ಬರುತ್ತಿದೆ ಎಂದರೆ ಬೆಂಕಿಗೆ ನೀರಿನ ದಾರಿ ಸಿಕ್ಕಿದೆ, ಇಲ್ಲವೇ ಹೆಡ್ಡೇ ಬಿರುಕು ಬಿಟ್ಟಿದೆ. ಹೆಡ್ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ವಾಟರ್ ಪಂಪ್ ತಿರುಗದಂತೆ ಫ್ಯಾನ್ ಬೆಲ್ಟ್ ಬಿಚ್ಚಿ, ನೀರನ್ನು ಕಂಠಮಟ್ಟ ತುಂಬಿ ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮುಂಚೆಯೇ ಗುಳ್ಳೆ ಎದ್ದರೆ ಅದು ಕುದಿತವಲ್ಲ, ಗ್ಯಾಸ್. ಆಗ ಒಂದೊಂದೇ ಸಿಲಿಂಡರ್‌ನ ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸಿ, ಆ ಸಿಲಿಂಡರ್‌ಗೆ ಡೀಸೆಲ್ ಹೋಗದಂತೆ ಮಾಡಿ ನೋಡಿ. ಯಾವುದನ್ನು ಸಡಿಲಿಸಿದಾಗ ಗುಳ್ಳೆ ಕಡಿಮೆಯಾಗುತ್ತದೋ ತಪ್ಪು ಅಲ್ಲಿದೆ. ನಟ್ಟಿನ ಮೇಲೆ ಬಟ್ಟೆ ಹಾಕಿ, ಕೈ ದೂರವಿರಲಿ: ಆ ಡೀಸೆಲ್ ಚರ್ಮದೊಳಗೇ ನುಗ್ಗುವಷ್ಟು ಒತ್ತಡದಲ್ಲಿರುತ್ತದೆ. ಪಂಪ್ ತಿರುಗದೆ ಇಂಜಿನ್ ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಬಾರದು.

ಇನ್ನೊಂದು ವಿಷಯವನ್ನು ಬಹಳ ಮಿಸ್ತ್ರಿಗಳು ಮರೆಯುತ್ತಾರೆ. ಬ್ರೇಕಿಗೆ ಗಾಳಿ ಕೊಡುವ ಏರ್ ಕಂಪ್ರೆಸರ್ ಕೆಲವು ಗಾಡಿಗಳಲ್ಲಿ ಇಂಜಿನ್ ನೀರಿನಿಂದಲೇ ತಣಿಯುತ್ತದೆ. ಅದರ ಸಣ್ಣ ಹೆಡ್‌ನ ಪ್ಯಾಕಿಂಗ್ ಹೋದರೂ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತದೆ. ನಿಮ್ಮ ಕಂಪ್ರೆಸರ್‌ಗೆ ನೀರಿನ ಪೈಪುಗಳಿದ್ದರೆ, ಅವನ್ನು ಬಿಚ್ಚಿ ಇಂಜಿನ್ ಕಡೆಯ ತುದಿಗಳನ್ನು ಮುಚ್ಚಿ ನೋಡಿ. ಗುಳ್ಳೆ ನಿಂತರೆ ದೊಡ್ಡ ಹೆಡ್ಡನ್ನು ಮುಟ್ಟುವ ಅಗತ್ಯವೇ ಇಲ್ಲ. ಹಾಗೆಯೇ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರ್ ಇರುವ ಇಂಜಿನ್‌ಗಳಲ್ಲಿ ಅದನ್ನು ಮೊದಲು ಅನುಮಾನಿಸಬೇಕು.

ಪರೀಕ್ಷೆ ಮೂರು, ನಾಲ್ಕರ ಕಡೆಗೇ ಬೆರಳು ತೋರಿಸಿದರೆ ಹೆಡ್ ಇಳಿಸಿ. ಬಿಸಿ ಇರುವಾಗ ಬಿಚ್ಚಬೇಡಿ. ಆರು ಸಿಲಿಂಡರ್‌ಗೂ ಒಂದೇ ಉದ್ದನೆಯ ಹೆಡ್. ಬಿಸಿಯಲ್ಲಿ ಬಿಗಿ ಬಿಟ್ಟರೆ ಅಲ್ಲೇ ಸೊಟ್ಟಗಾಗುತ್ತದೆ. ರಾತ್ರಿಯಿಡೀ ತಣ್ಣಗಾಗಲಿ. ಬಿಗಿ ಮಾಡುವ ಕ್ರಮಕ್ಕೆ ಉಲ್ಟಾ, ಅಂದರೆ ತುದಿಯಿಂದ ನಡುವಿನ ಕಡೆಗೆ, ಪ್ರತಿ ಬೋಲ್ಟನ್ನೂ ಮೊದಲು ಸ್ವಲ್ಪ ಸ್ವಲ್ಪ ಸಡಿಲಿಸಿ. ರೇಡಿಯೇಟರ್‌ನ ನೀರಿನ ಜೊತೆಗೆ ಬ್ಲಾಕಿನ ನೀರನ್ನೂ ಅದರ ಕಾಕ್‌ನಿಂದ ಇಳಿಸಬೇಕು. ಹಳೇ ಇಂಜಿನ್‌ನಲ್ಲಿ ಆ ಕಾಕ್ ಸುಣ್ಣ ಕಟ್ಟಿ ಮುಚ್ಚಿರುತ್ತದೆ, ತಂತಿ ಹಾಕಿ ಚುಚ್ಚಿ. ಪುಶ್ ರಾಡ್‌ಗಳನ್ನು (ವಾಲ್ವ್ ತೆರೆಸುವ ಉದ್ದನೆಯ ಕಡ್ಡಿಗಳು) ರಟ್ಟಿಗೆ ತೂತು ಮಾಡಿ ನಂಬರ್ ಪ್ರಕಾರ ಚುಚ್ಚಿಡಿ. ಹೆಡ್ಡನ್ನು ನೆಲಕ್ಕೆ ಮಕಾಡೆ ಇಡುವ ಮುಂಚೆ ಇಂಜೆಕ್ಟರ್ ಬಿಚ್ಚಿ, ಇಲ್ಲವಾದರೆ ನೋಜಲ್ ತುದಿ ಹೋಗುತ್ತದೆ.

ಹಳೇ ಗ್ಯಾಸ್ಕೆಟನ್ನು ಮಾತ್ರ ಎಸೆಯಬೇಡಿ. ಅದನ್ನು ಬೆಳಕಿಗೆ ಹಿಡಿದು ಸಿಲಿಂಡರ್ ಸುತ್ತಲಿನ ಕಬ್ಬಿಣದ ರಿಂಗನ್ನು ಬೆರಳಿನಿಂದ ಸವರುತ್ತಾ ನೋಡಿ. ಒಳ್ಳೆಯ ಒತ್ತು ಸಿಕ್ಕಿದ ಕಡೆ ರಿಂಗ್ ಸಮನಾಗಿ ಚಪ್ಪಟೆಯಾಗಿ ಹೊಳೆಯುತ್ತದೆ. ಒತ್ತು ಸಿಗದ ಕಡೆ ಹೊಳಪಿರುವುದಿಲ್ಲ, ಅಂಚು ಇನ್ನೂ ದುಂಡಗೇ ಇರುತ್ತದೆ, ಅದರ ಪಕ್ಕಕ್ಕೆ ಮಸಿಯ ಗೆರೆ ಹರಿದಿರುತ್ತದೆ. ಮೂರು, ನಾಲ್ಕರ ನಡುವೆ ಮಾತ್ರ ಮಂಕಾಗಿದ್ದು ಉಳಿದ ಕಡೆ ಹೊಳೆಯುತ್ತಿದ್ದರೆ ತಗ್ಗು ಅಲ್ಲಿದೆ. ಆ ಮಸಿಯ ಗೆರೆ ಎದ್ದು ಕಾಣುವುದು ಬ್ಲಾಕಿನ ಕಡೆಯೋ ಹೆಡ್ಡಿನ ಕಡೆಯೋ ನೋಡಿ; ಸಂಶಯ ಮೊದಲು ಆ ಕಡೆಗೆ ಹೋಗಲಿ.

ಆಮೇಲೆ ಅಳತೆ. ಹೆಡ್ಡಿನ ಮುಖವನ್ನು ತಿಕ್ಕಿ ತೊಳೆದು, ನೇರವಾದ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ. ಅಡ್ಡಕ್ಕೆ ಇಟ್ಟಾಗ 0.05 ಮಿಲಿಮೀಟರ್‌ನ ಎಲೆ ಸಲೀಸಾಗಿ ತೂರಿದರೂ ನನಗೆ ಸಮಾಧಾನವಿರುವುದಿಲ್ಲ. ಕೊನೆಯ ಮಾತು ನಿಮ್ಮ ಇಂಜಿನ್‌ನ ವರ್ಕ್‌ಶಾಪ್ ಪುಸ್ತಕದ್ದು. ಅದೇ ಪಟ್ಟಿಯನ್ನು ಬ್ಲಾಕಿನ ಮೇಲೂ ಇಡಿ. ಇಲ್ಲಿಯೇ ಹೆಚ್ಚಿನ ಕಡೆ ಕೆಲಸ ಕೆಡುತ್ತದೆ: ಹೆಡ್ಡನ್ನು ಆಟೋದಲ್ಲಿ ಹಾಕಿ ಲೇಥ್‌ಗೆ ಕಳಿಸುತ್ತಾರೆ, ಬ್ಲಾಕು ಗಾಡಿಯಲ್ಲೇ ಕೂತಿರುವುದರಿಂದ ಅದನ್ನು ಯಾರೂ ಅಳೆಯುವುದಿಲ್ಲ. ಎರಡನೇ ಸಲ ಹೆಡ್ ಫೇಸಿಂಗ್ ಮಾಡಿಸಿದ ಮೇಲೂ ಈಗ ಮತ್ತೆ ಗುಳ್ಳೆ ಬರುತ್ತಿರುವುದರಿಂದ ನನ್ನ ಮೊದಲ ಅನುಮಾನ ಬ್ಲಾಕ್ ಮತ್ತು ಲೈನರ್ ಮೇಲೆ. ಮೂರು, ನಾಲ್ಕರ ನಡುವಿನ ಕಬ್ಬಿಣದ ಸೇತುವೆ ಕಿರಿದು, ನೀರು ಅಲ್ಲಿಗೆ ಕಷ್ಟಪಟ್ಟು ಹೋಗುತ್ತದೆ. ಒಮ್ಮೆ ಗ್ಯಾಸ್ ಹರಿದರೆ ಆ ಜಾಗವನ್ನು ಸವೆಸಿ ಸಣ್ಣ ಕಾಲುವೆ ಮಾಡಿಬಿಡುತ್ತದೆ. ಉಗುರು ಆಡಿಸಿದರೆ ತಗಲುವಷ್ಟು ತಗ್ಗಿದ್ದರೂ ಯಾವ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲುವುದಿಲ್ಲ.

ಲೈನರ್‌ಗಳ ಮೇಲ್ಮೈ ಬ್ಲಾಕಿಗಿಂತ ಎಷ್ಟು ಮೇಲಿದೆ ಎಂಬುದನ್ನು ಡಯಲ್ ಗೇಜ್‌ನಿಂದ ಆರೂ ಸಿಲಿಂಡರ್‌ಗೆ, ಪ್ರತಿಯೊಂದಕ್ಕೂ ನಾಲ್ಕು ಕಡೆ ಅಳೆದು ಬರೆದುಕೊಳ್ಳಿ. ಕೆಲವು ಇಂಜಿನ್‌ಗಳಲ್ಲಿ ಲೈನರ್ ಸಮನಾಗಿರಬೇಕು, ಕೆಲವಲ್ಲಿ ಕೂದಲೆಳೆಯಷ್ಟು ಮೇಲೆದ್ದಿರಬೇಕು. ಎಷ್ಟು ಎಂಬುದನ್ನು ಪುಸ್ತಕ ಹೇಳುತ್ತದೆ. ಆದರೆ ಯಾವ ಇಂಜಿನ್ ಆದರೂ ಅಕ್ಕಪಕ್ಕದ ಎರಡು ಲೈನರ್ ನಡುವೆ ಪುಸ್ತಕ ಒಪ್ಪುವುದಕ್ಕಿಂತ ಹೆಚ್ಚು ಎತ್ತರದ ವ್ಯತ್ಯಾಸ ಇರಬಾರದು. ಮೂರನೆಯದು ಕುಸಿದು ನಾಲ್ಕನೆಯದು ಎದ್ದಿದ್ದರೆ ಹೆಡ್ ನಾಲ್ಕರ ಮೇಲೆ ಕೂರುತ್ತದೆ, ಮೂರರ ಗ್ಯಾಸ್ಕೆಟ್ ಸುಡುತ್ತದೆ. ಇದೇ ಕಾರಣವಾಗಿದ್ದರೆ ಹೊಸ ಹೆಡ್‌ಗೆ ಹಾಕುವ ದುಡ್ಡು ಪೂರ್ತಿ ವ್ಯರ್ಥ. ಲೈನರ್ ಕೂರುವ ಜಾಗವನ್ನು ಸರಿಮಾಡಿಸಿ, ಬ್ಲಾಕಿನ ಮುಖವನ್ನು ಫೇಸಿಂಗ್ ಮಾಡಿಸಬೇಕು. ಅದಕ್ಕೆ ಇಂಜಿನ್ ಇಳಿಯಲೇಬೇಕು, ಬೇರೆ ದಾರಿ ಇಲ್ಲ.

ಬೋಲ್ಟ್ ತೂತುಗಳನ್ನೂ ಬಿಡಬೇಡಿ. ವರ್ಷಗಟ್ಟಲೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗಿದ ಬ್ಲಾಕಿನಲ್ಲಿ ತೂತಿನ ಬಾಯಿಯ ಸುತ್ತ ಕಬ್ಬಿಣ ಮೇಲಕ್ಕೆ ಉಬ್ಬಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಸ್ಟೀಲ್ ಪಟ್ಟಿ ಇಟ್ಟರೆ ಅಲುಗಾಡುತ್ತದೆ. ಆ ಉಬ್ಬು ಹೆಡ್ಡನ್ನು ಎತ್ತಿ ಹಿಡಿಯುತ್ತದೆ. ಟಾರ್ಕ್ (ಬೋಲ್ಟ್ ತಿರುಗಿಸುವ ಬಿಗಿಯ ಅಳತೆ) ಪೂರ್ತಿ ಬಂದರೂ ಒತ್ತು ಗ್ಯಾಸ್ಕೆಟ್‌ಗೆ ಹೋಗುವುದಿಲ್ಲ. ತೂತಿನ ಬಾಯನ್ನು ಹಗುರವಾಗಿ ಚಾಂಫರ್ ಮಾಡಿಸಿ (ಅಂಚನ್ನು ಓರೆಯಾಗಿ ಕೆರೆಸಿ), ಟ್ಯಾಪ್ ಹಾಕಿ ಮರೆ (ಥ್ರೆಡ್) ತೊಳೆದು, ಗಾಳಿ ಹೊಡೆದು ತಳದವರೆಗೆ ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದು ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳುತ್ತದೆ. ಬೋಲ್ಟ್‌ಗಳನ್ನು ಸಾಲಾಗಿ ನಿಲ್ಲಿಸಿ ಉದ್ದ ಹೋಲಿಸಿ. ಉಳಿದವಕ್ಕಿಂತ ಉದ್ದವಾಗಿರುವುದು, ನಡು ಸಣ್ಣಗಾಗಿರುವುದು ಹಿಗ್ಗಿದ ಬೋಲ್ಟ್. ನಿಮ್ಮ ಗಾಡಿ ಎರಡು ಸಲ ಬಿಚ್ಚಿ ಮುಚ್ಚಿದ್ದು, ಹಾಗಾಗಿ ನನ್ನ ಸಲಹೆ ಪೂರ್ತಿ ಸೆಟ್ ಹೊಸದು ಹಾಕಿ ಎಂಬುದು.

ಹೆಡ್‌ಗೆ ಬರೋಣ. ಮೊದಲು ಅದರ ಎತ್ತರ ಅಳೆಸಿ. ಒಮ್ಮೆ ಫೇಸಿಂಗ್ ಆಗಿರುವ ಹೆಡ್, ಅದಕ್ಕೂ ಹಿಂದೆ ಎಷ್ಟು ಸಲ ಆಗಿತ್ತೋ ಯಾರಿಗೆ ಗೊತ್ತು. ಪುಸ್ತಕದಲ್ಲಿ ಕನಿಷ್ಠ ಎತ್ತರ ಕೊಟ್ಟಿರುತ್ತದೆ. ಅದಕ್ಕಿಂತ ಕೆಳಗೆ ಹೋಗಿದ್ದರೆ ಆ ಹೆಡ್ಡಿನ ಕೆಲಸ ಮುಗಿಯಿತು. ತೆಳುವಾದ ಹೆಡ್ ಬಾಗುವುದೂ ಬೇಗ. ಫೇಸಿಂಗ್ ಆದ ಮೇಲೆ ವಾಲ್ವ್‌ಗಳು ಎಷ್ಟು ಒಳಗೆ ಕೂತಿವೆ ಎಂಬುದನ್ನೂ ಇಂಜೆಕ್ಟರ್ ತುದಿ ಎಷ್ಟು ಹೊರಗಿದೆ ಎಂಬುದನ್ನೂ ಅಳೆಯಬೇಕು. ವಾಲ್ವ್ ಪಿಸ್ಟನ್ನಿಗೆ ಬಡಿದರೆ ಕಥೆ ಬೇರೆಯೇ ಆಗುತ್ತದೆ. ಇಂಜೆಕ್ಟರ್ ತುದಿ ಹೆಚ್ಚು ಹೊರಗೆ ಬಂದರೆ ಡೀಸೆಲ್ ಬೀಳಬೇಕಾದ ಕಡೆ ಬೀಳದೆ ಪಿಸ್ಟನ್ ಸುಡುತ್ತದೆ; ಅದನ್ನು ಸರಿಯಾದ ದಪ್ಪದ ತಾಮ್ರದ ವಾಷರ್‌ನಿಂದ ಸರಿಪಡಿಸುತ್ತಾರೆ.

ಆಮೇಲೆ ಪ್ರೆಶರ್ ಟೆಸ್ಟ್. ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟ್ ಹಾಕಿ ಮುಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ಕೊಡುತ್ತಾರೆ. ನೀರು ಬಿಸಿಯಾಗಿಯೇ ಇರಬೇಕು ಎಂದು ಪಟ್ಟು ಹಿಡಿಯಿರಿ. ತಣ್ಣನೆಯ ಹೆಡ್‌ನಲ್ಲಿ ಮುಚ್ಚಿಕೊಂಡಿರುವ ಬಿರುಕು 80 ಡಿಗ್ರಿಯಲ್ಲಿ ಬಾಯಿ ಬಿಡುತ್ತದೆ. ಇನ್‌ಲೆಟ್ ಮತ್ತು ಎಗ್ಜಾಸ್ಟ್ ವಾಲ್ವ್ ಸೀಟ್‌ಗಳ ನಡುವೆ, ಇಂಜೆಕ್ಟರ್ ತೂತಿನ ಅಂಚಿನಲ್ಲಿ ಬಿರುಕು ಹೆಚ್ಚು. ಅಲ್ಲಿ ನೀರಿನವರೆಗೆ ಇಳಿದ ಬಿರುಕು ಕಂಡರೆ ವೆಲ್ಡಿಂಗ್ ಮಾಡಿಸಬೇಡಿ. ಎರಕದ ಕಬ್ಬಿಣ ವೆಲ್ಡಿಂಗ್‌ನ ಬಿಸಿಗೆ ಪಕ್ಕದಲ್ಲೇ ಗಡುಸಾಗಿ ಮತ್ತೆ ಬಿರಿಯುತ್ತದೆ, ಅದೂ ಲೋಡ್ ಇರುವ ಘಟ್ಟದಲ್ಲೇ ಬಿರಿಯುತ್ತದೆ. ಹೊರಗಿನ ನೀರಿನ ಗೋಡೆಯ ಬಿರುಕಾದರೆ ಸ್ಟಿಚಿಂಗ್ (ಬಿಸಿ ಮಾಡದೆ ಲೋಹದ ಪಿನ್ ಕೂರಿಸಿ ಬಿರುಕು ಮುಚ್ಚುವುದು) ಮಾಡಿಸಬಹುದು. ಗುಜರಿಯ ಹೆಡ್ ಬಗ್ಗೆ ನನಗೆ ವಿರೋಧವಿಲ್ಲ, ಒಳ್ಳೆಯ ಹಳೇ ಎರಕ ಸಿಕ್ಕರೆ ಒಳ್ಳೆಯದೇ. ಆದರೆ ಎತ್ತರ ಅಳೆದು, ಬಿಸಿನೀರಿನ ಟೆಸ್ಟ್ ಪಾಸಾದ ಮೇಲೆಯೇ ದುಡ್ಡು ಕೊಡುತ್ತೇನೆ ಎಂದು ಮೊದಲೇ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಹೊಸದು ತನ್ನಿ, ನಡುವಿನ ದಾರಿ ಹುಡುಕಬೇಡಿ.

ಮುಚ್ಚುವಾಗ ಹಳೇ ಗ್ಯಾಸ್ಕೆಟ್ ಅಂಟನ್ನು ಗ್ರೈಂಡರಿನ ಪಾಲಿಶ್ ಪೇಪರ್‌ನಿಂದ ಉಜ್ಜಿ ತೆಗೆಯಲು ಬಿಡಬೇಡಿ. ಅದರ ಪುಡಿ ಎಣ್ಣೆಯ ದಾರಿಗಿಳಿದು ಬೇರಿಂಗ್ ತಿನ್ನುತ್ತದೆ. ಕೈಯಲ್ಲಿ ಸ್ಕ್ರೇಪರ್ ಹಿಡಿದು ನಿಧಾನಕ್ಕೆ ತೆಗೆಯಲಿ. ಗ್ಯಾಸ್ಕೆಟ್ ಒಣಗಿಯೇ ಕೂರಬೇಕು. ಅದನ್ನು ಮಾಡಿದ ಕಂಪನಿ ಹೇಳದ ಹೊರತು ಶೆಲಾಕ್, ಗ್ರೀಸ್, ಸಿಲಿಕೋನ್ ಏನೂ ಬೇಡ. ಬೋಲ್ಟಿನ ಮರೆಗೂ ತಲೆಯ ಕೆಳಗೂ ತೆಳುವಾಗಿ ಇಂಜಿನ್ ಆಯಿಲ್ ಸವರಿ. ನಡುವಿನಿಂದ ಹೊರಕ್ಕೆ, ಮೂರ್ನಾಲ್ಕು ಹಂತದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿಸಿ. ಎಷ್ಟು ಅನುಭವದ ಕೈಯಾದರೂ ಒಂದು ಬೋಲ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಮಾಡಿಯೇ ಮಾಡುತ್ತದೆ. ಮೂರು ಮೂರು ಸಿಲಿಂಡರ್‌ಗೆ ಒಂದೊಂದು ಹೆಡ್ ಇರುವ ಇಂಜಿನ್‌ಗಳವರು ಇದನ್ನು ಓದುತ್ತಿದ್ದರೆ: ಬಿಗಿ ಮಾಡುವ ಮುಂಚೆ ಮ್ಯಾನಿಫೋಲ್ಡ್ ಕೂರುವ ಮುಖಕ್ಕೆ ಪಟ್ಟಿ ಹಿಡಿದು ಎರಡೂ ಹೆಡ್‌ಗಳನ್ನು ಒಂದೇ ಗೆರೆಗೆ ತನ್ನಿ.

ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದು, ಹೊಂದಿಸುವುದಕ್ಕೆ ಸಿಲಿಂಡರ್‌ಗಳು ಉರಿಯುವ ಕ್ರಮ (ಫೈರಿಂಗ್ ಆರ್ಡರ್) 1-5-3-6-2-4 ನೆನಪಿಟ್ಟರೆ ಸಾಕು. ಆರನೆಯದರ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ ಒಂದನೆಯದನ್ನು, ಎರಡನೆಯದರಲ್ಲಿ ಅಲುಗುವಾಗ ಐದನೆಯದನ್ನು, ನಾಲ್ಕನೆಯದರಲ್ಲಿ ಅಲುಗುವಾಗ ಮೂರನೆಯದನ್ನು ಹೊಂದಿಸಿ, ಆಮೇಲೆ ಉಲ್ಟಾ, ಅಂದರೆ ಒಂದನೆಯದರಲ್ಲಿ ಅಲುಗುವಾಗ ಆರನೆಯದನ್ನು, ಹೀಗೆ. ಕಾಂಪೋಸಿಟ್ ಗ್ಯಾಸ್ಕೆಟ್ (ತಗಡಿನ ಜೊತೆ ಮೆತ್ತನೆಯ ಪದರ ಇರುವುದು) ಹಾಕಿದ್ದರೆ ಇಂಜಿನ್ ಒಮ್ಮೆ ಪೂರ್ತಿ ಬಿಸಿಯಾದ ಮೇಲೆ ಮತ್ತೆ ಟಾರ್ಕ್ ನೋಡಬೇಕು. ಬಿಸಿಯಲ್ಲೋ ತಣಿದ ಮೇಲೋ, ಎಷ್ಟು ಕಿಲೋಮೀಟರ್ ಓಡಿದ ಮೇಲೋ ಎಂಬುದಕ್ಕೆ ಪುಸ್ತಕವನ್ನೇ ಕೇಳಿ. ಆಗ ಹೆಡ್ ತುಸು ಕೆಳಗಿಳಿಯುವುದರಿಂದ ಟ್ಯಾಪೆಟ್ ಗ್ಯಾಪ್ ಬದಲಾಗುತ್ತದೆ. ಅದನ್ನೂ ಮತ್ತೆ ನೋಡಲೇಬೇಕು.

ಇಷ್ಟೆಲ್ಲ ಆದ ಮೇಲೂ ಘಟ್ಟದಲ್ಲಿ ನೀರು ಕುದಿಯುತ್ತಿದ್ದರೆ ಈ ಕೆಲಸ ಉಳಿಯುವುದಿಲ್ಲ. ಗದಗ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಎಂಬುದು ಮನೆಯ ಪಾತ್ರೆ ನೋಡಿದರೆ ಗೊತ್ತಾಗುತ್ತದೆ. ಅದೇ ಸುಣ್ಣ ನಿಮ್ಮ ಹೆಡ್ಡಿನ ಒಳಗೋಡೆಗೂ ಕಟ್ಟಿರುತ್ತದೆ. ಸುಣ್ಣದ ಪದರ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಬಿಸಿ ಸಾಗಿಸುತ್ತದೆ. ಗೇಜ್ ಸರಿ ತೋರಿಸುತ್ತಿರುವಾಗಲೇ ವಾಲ್ವ್‌ಗಳ ನಡುವಿನ ಕಬ್ಬಿಣ ಸುಡುತ್ತಿರುತ್ತದೆ. ಹೆಡ್ ಇಳಿದಿರುವಾಗಲೇ ರೇಡಿಯೇಟರನ್ನು ಬಿಚ್ಚಿಸಿ ಕೊಳವೆಗಳಿಗೆ ಪಟ್ಟಿ ಹಾಯಿಸಿ, ಹೆಡ್ ಮತ್ತು ಬ್ಲಾಕಿನ ನೀರಿನ ದಾರಿ ತೊಳೆಸಿ. ಗ್ಯಾಸ್ಕೆಟ್ ಸೋರುತ್ತಿರುವಾಗ ಆಸಿಡ್ ಹಾಕಿ ಇಂಜಿನ್ ಓಡಿಸಿ ತೊಳೆಯುವವರಿದ್ದಾರೆ, ಆ ಆಸಿಡ್ ಸೀದಾ ಕೆಳಗಿನ ಆಯಿಲ್ ಚೇಂಬರ್‌ನ ಎಣ್ಣೆಗೆ ಇಳಿಯುತ್ತದೆ. ಮುಂದೆ ಕೂಲಂಟ್ ಹಾಕಿ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಬೋರ್ ನೀರಿನ ಬದಲು ಆರ್‌ಒ ಅಥವಾ ಡಿಸ್ಟಿಲ್ಡ್ ನೀರಿನ ಜೊತೆ. ಕೂಲಂಟ್ ಇಲ್ಲದ ಬರೀ ಆರ್‌ಒ ನೀರು ಕಬ್ಬಿಣವನ್ನು ತಿನ್ನುತ್ತದೆ, ಅದೂ ಬೇಡ.

ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟನ್ನು ಮರಳಿ ಹಾಕಿಸಿ. ಅದನ್ನು ತೆಗೆದರೆ ಇಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಬೈಪಾಸ್ ದಾರಿ ಇರುವ ಇಂಜಿನ್‌ಗಳಲ್ಲಿ ಬಿಸಿಯಾದಾಗ ಆ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತಿರುತ್ತದೆ. ಸಪಾಟು ರಸ್ತೆಯಲ್ಲಿ ಇಂಜಿನ್ ಬಿಸಿಯೇ ಆಗುವುದಿಲ್ಲ, ಘಟ್ಟದಲ್ಲಿ ಕುದಿಯುತ್ತದೆ. ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ಕಾಯಿಸಿ ತೆರೆಯುತ್ತದೆಯೇ ನೋಡಿ, ಎಷ್ಟು ಡಿಗ್ರಿಗೆ ತೆರೆಯಬೇಕು ಎಂದು ಅದರ ಮೇಲೆಯೇ ಒತ್ತಿರುತ್ತದೆ. ರೇಡಿಯೇಟರ್ ಮುಚ್ಚಳವೂ ಅಷ್ಟೇ ಮುಖ್ಯ. ಹುಬ್ಬಳ್ಳಿಯ ಎತ್ತರದಲ್ಲಿ ತೆರೆದ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಅರ್ಧ ಬಾರ್ ಒತ್ತಡ ಹಿಡಿಯುವ ಮುಚ್ಚಳ ಅದನ್ನು 110ರ ಹತ್ತಿರಕ್ಕೆ ಏರಿಸುತ್ತದೆ. ರಬ್ಬರ್ ಹೋದ ಮುಚ್ಚಳದಿಂದ ಆ ರಕ್ಷಣೆ ಇಲ್ಲ. ಫ್ಯಾನ್ ಸುತ್ತಲಿನ ತಗಡಿನ ಕವರ್ ಇದೆಯೇ, ಬೆಲ್ಟ್ ಜಾರುತ್ತಿದೆಯೇ ನೋಡಿ. ಎಳೆತಕ್ಕಾಗಿ ಯಾರಾದರೂ ಮೈಕೋ ಪಂಪಿನ (ಇಂಜೆಕ್ಟರ್‌ಗೆ ಡೀಸೆಲ್ ಕಳಿಸುವ ಪಂಪ್) ಟೈಮಿಂಗ್ ಮುಂದೆ ಮಾಡಿದ್ದಾರೆಯೇ ಎಂದೂ ನೋಡಿಸಿ. ಟೈಮಿಂಗ್ ಮುಂದಾದರೆ ಸಿಲಿಂಡರ್ ಒತ್ತಡ ಏರುತ್ತದೆ, ಆ ಭಾರವನ್ನೂ ಇದೇ ಗ್ಯಾಸ್ಕೆಟ್ ಹೊರಬೇಕು.

ಡ್ರೈವರ್‌ಗೆ ಒಂದು ಮಾತು ಹೇಳಿ. ಘಟ್ಟದಲ್ಲಿ ಕುದ್ದರೆ ಗಾಡಿ ಬದಿಗೆ ಹಾಕಿ, ನೀರು ಇನ್ನೂ ಇದ್ದು ಆಯಿಲ್ ಪ್ರೆಶರ್ ಇದ್ದರೆ ಇಂಜಿನ್ ಐಡಲ್‌ನಲ್ಲಿ ಬಿಡಲಿ. ಗೇಜ್ ಇಳಿದ ಮೇಲೆ ಮುಚ್ಚಳವನ್ನು ಒದ್ದೆ ಗೋಣಿಯಿಂದ ಹಿಡಿದು ನಿಧಾನಕ್ಕೆ ತೆಗೆದು, ಸ್ವಲ್ಪ ಸ್ವಲ್ಪವೇ ನೀರು ಹಾಕಲಿ. ನೀರು ಪೂರ್ತಿ ಖಾಲಿಯಾಗಿದ್ದರೆ ಇಂಜಿನ್ ನಿಲ್ಲಿಸಿ, ಕೈಯಿಟ್ಟರೆ ತಾಳುವಷ್ಟು ಆರುವವರೆಗೆ ಕಾಯಲೇಬೇಕು. ಹಳ್ಳದ ತಣ್ಣೀರನ್ನು ಕಾದ ಹೆಡ್‌ಗೆ ಸುರಿಯುವುದೇ ನಮ್ಮ ಕಡೆಯ ಎಷ್ಟೋ ಹೆಡ್‌ಗಳು ಬಿರಿಯುವ ಕಾರಣ.

ಸೀಸನ್ನಿನ ಬಗ್ಗೆ ಹೇಳುವುದಾದರೆ, ಬರೀ ಹೆಡ್ ಕೆಲಸವಾದರೆ ಗಾಡಿ ಬೇಗ ರೋಡಿಗಿಳಿಯುತ್ತದೆ. ಬ್ಲಾಕಿನಲ್ಲಿ ತಗ್ಗು ಸಿಕ್ಕರೆ ಇಂಜಿನ್ ಇಳಿಸಬೇಕು, ತಡವಾಗುತ್ತದೆ, ಅದಕ್ಕೆ ಈಗಲೇ ಬಿಚ್ಚಿ. ಗುಳ್ಳೆ ಬರುತ್ತಿರುವ ಗಾಡಿಯಲ್ಲಿ ಇನ್ನೊಂದು ಲೋಡ್ ಹಾಕಬೇಡಿ. ಸಿಲಿಂಡರ್‌ಗೆ ನೀರಿಳಿದು ಕನೆಕ್ಟಿಂಗ್ ರಾಡ್ ಬಾಗಿದರೆ ಈಗಿನ ಖರ್ಚು ಏನೂ ಅಲ್ಲ ಅನ್ನಿಸುತ್ತದೆ. ಆರೂ ಲೈನರ್‌ಗಳ ಅಳತೆ, ಹೆಡ್ಡಿನ ಎತ್ತರ, ಹಳೇ ಗ್ಯಾಸ್ಕೆಟ್‌ನ ಎರಡೂ ಬದಿಯ ಫೋಟೊ ಕಳಿಸಿ. ಹೆಡ್ ತರಬೇಕೋ ಬ್ಲಾಕ್ ಇಳಿಸಬೇಕೋ ಎಂಬುದನ್ನು ಅವನ್ನು ನೋಡಿ ನೇರವಾಗಿ ಹೇಳುತ್ತೇನೆ.